ಪುಟ್ಟ ನಾಯಿಯ ಹೆರಿಗೆ: ಶಸ್ತ್ರಚಿಕಿತ್ಸೆಗೆ ಮುನ್ನ

ನಮ್ಮ ಊರುಗಳಲ್ಲಿ ನಾಯಿ ಮರಿ ಹಾಕುವುದಕ್ಕೆ ಯಾರೂ ದಿನ ಎಣಿಸಿದ್ದಿಲ್ಲ. ಹೊಟ್ಟೆ ಜೋತುಬಿದ್ದ ನಾಯಿ ಒಂದು ಸಂಜೆ ಕಾಣದಾಗುತ್ತಿತ್ತು. ಎರಡು ದಿನ ಕಳೆದ ಮೇಲೆ ಬಣವೆಯ ಹಿಂದಿನಿಂದಲೋ ಹಟ್ಟಿಯ ಮೂಲೆಯಿಂದಲೋ ಮರಿಗಳ ಕುಂಯ್‌ಗುಟ್ಟುವ ಸದ್ದು ಕೇಳಿಬರುತ್ತಿತ್ತು. ಮನೆಯ ಹಿರಿಯರು ಒಂದಿಷ್ಟು ಅನ್ನಕ್ಕೆ ಮಜ್ಜಿಗೆ ಬೆರೆಸಿ ಇಟ್ಟರೆ ಅಲ್ಲಿಗೆ ಬಾಣಂತನ ಮುಗಿಯಿತು. ಮುಂಬಯಿಯ ಬಹುಮಹಡಿ ಕಟ್ಟಡದಲ್ಲಿ, ಎರಡು ಕೋಣೆಗಳ ಮನೆಯಲ್ಲಿ, ಸೋಫಾದ ಮೇಲೆ ಮಲಗಿ ಬೆಳೆದ ಪಗ್, ಶಿತ್ಸು, ಚಿವಾವಾ, ಪೊಮೇರಿಯನ್ ಮುಂತಾದ ಪುಟ್ಟ ಜಾತಿಯ ನಾಯಿಗಳ ವಿಷಯದಲ್ಲಿ ಅಂಥ ನಿಶ್ಚಿಂತೆ ಸಲ್ಲದು.

ಈ ವ್ಯತ್ಯಾಸಕ್ಕೆ ಕಾರಣ ನಗರವಾಸವಲ್ಲ, ಮನುಷ್ಯನ ಅಭಿರುಚಿ. ಮುಖ ಚಪ್ಪಟೆಯಾಗಿರಬೇಕು, ತಲೆ ದುಂಡಗಿರಬೇಕು, ಮೈ ಮಡಿಲಲ್ಲಿ ಹಿಡಿಸುವಷ್ಟಿರಬೇಕು ಎಂದು ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದ ಜಾತಿಗಳಿವು. ತಲೆ ದೊಡ್ಡದಾಯಿತು, ಅದು ಹೊರಬರಬೇಕಾದ ಸೊಂಟದ ಎಲುಬಿನ ದ್ವಾರ ಕಿರಿದಾಯಿತು. 2010ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಬಾಸ್ಟನ್ ಟೆರಿಯರ್, ಬುಲ್‌ಡಾಗ್ ಮತ್ತು ಫ್ರೆಂಚ್ ಬುಲ್‌ಡಾಗ್ ಜಾತಿಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್ ಮೂಲಕವೇ ಆಗಿದ್ದವು. ತನ್ನ ಮರಿಯನ್ನು ತಾನೇ ಹೆರಲಾರದ ಪ್ರಾಣಿಯನ್ನು ಸೃಷ್ಟಿಸಿದ ಕೀರ್ತಿ ಮನುಷ್ಯನಿಗೇ ಸಲ್ಲಬೇಕು. ನಮ್ಮ ದೇಶದಲ್ಲಿ 2003ರ ಸುಮಾರಿಗೆ ಮೊಬೈಲ್ ಕಂಪೆನಿಯೊಂದರ ಜಾಹೀರಾತಿನಲ್ಲಿ ಹುಡುಗನ ಬೆನ್ನುಹತ್ತಿ ಓಡಿದ ಪಗ್ಗನ್ನು ಕಂಡು ಮನೆಮನೆಗೆ ಪಗ್ ಬಂದಿತು. ಅದರ ಹೆರಿಗೆಯ ಕಷ್ಟವನ್ನು ಮಾತ್ರ ಯಾವ ಜಾಹೀರಾತೂ ತೋರಿಸಲಿಲ್ಲ.

ಪುಟ್ಟ ನಾಯಿಗಳಿಗೆ ಇನ್ನೊಂದು ತೊಡಕುಂಟು. ಅವುಗಳ ಸೂಲಿನಲ್ಲಿ ಮರಿಗಳು ಕಡಿಮೆ, ಕೆಲವೊಮ್ಮೆ ಒಂದೇ ಒಂದು. ಹೆರಿಗೆ ಆರಂಭವಾಗಬೇಕೆಂಬ ಸೂಚನೆ ಹೊರಡುವುದು ಮರಿಗಳಿಂದ. ಗರ್ಭದಲ್ಲಿ ಜಾಗ ಸಾಲದೆ ಅವು ಒತ್ತಡಕ್ಕೆ ಸಿಕ್ಕಿದಾಗ ಅವುಗಳ ರಕ್ತದಲ್ಲಿ ಉಂಟಾಗುವ ರಾಸಾಯನಿಕ ಬದಲಾವಣೆಯೇ ತಾಯಿಯ ಗರ್ಭಕೋಶವನ್ನು ಎಚ್ಚರಿಸುತ್ತದೆ. ಒಂಟಿ ಮರಿಗೆ ಜಾಗದ ಅಭಾವವಿಲ್ಲ. ಅದರ ಸೂಚನೆ ದುರ್ಬಲ. ಹೀಗಾಗಿ ದಿನ ತುಂಬಿದರೂ ನೋವು ಬಾರದು, ಮರಿ ಮಾತ್ರ ಒಳಗೇ ಬೆಳೆಯುತ್ತಾ ಹೋಗುತ್ತದೆ.

ಇಷ್ಟು ಹೇಳಿದೆನೆಂದು ಪ್ರತಿಯೊಂದು ಪುಟ್ಟ ನಾಯಿಗೂ ಹೊಟ್ಟೆ ಕೊಯ್ಯಬೇಕೆಂದು ಭಾವಿಸಬಾರದು. ನಾವು ಪೊಮೇರಿಯನ್ ಎಂದು ಕರೆಯುವ ಬಿಳಿಯ ನಾಯಿಗಳಲ್ಲಿ ಅನೇಕವು ವಾಸ್ತವವಾಗಿ ಇಂಡಿಯನ್ ಸ್ಪಿಟ್ಜ್ ಜಾತಿಯವು. ಅವು ಸಾಮಾನ್ಯವಾಗಿ ಸಹಜವಾಗಿಯೇ ಮರಿ ಹಾಕುತ್ತವೆ. ಶಸ್ತ್ರಚಿಕಿತ್ಸೆಯನ್ನು ಮೊದಲೇ ಯೋಜಿಸಬೇಕಾದುದು ಚಪ್ಪಟೆ ಮೂಗಿನ ಜಾತಿಗಳಿಗೆ, ಒಂಟಿ ಮರಿ ಹೊತ್ತವಕ್ಕೆ, ಕ್ಷ-ಕಿರಣದ ಚಿತ್ರದಲ್ಲಿ ಮರಿಯ ತಲೆ ಸೊಂಟದ ದ್ವಾರಕ್ಕಿಂತ ದೊಡ್ಡದಾಗಿ ಕಂಡವಕ್ಕೆ, ಹಿಂದೆ ಸೊಂಟದ ಮೂಳೆ ಮುರಿದಿದ್ದವಕ್ಕೆ, ಹಿಂದಿನ ಹೆರಿಗೆ ಸಿಸೇರಿಯನ್ ಆಗಿದ್ದವಕ್ಕೆ. ಇದನ್ನು ನಿರ್ಣಯಿಸತಕ್ಕವರು ಪಶುವೈದ್ಯರು. ಆದರೆ ಅವರು ನಿರ್ಣಯಿಸಬೇಕಾದರೆ ನಾಯಿಯನ್ನು ತಿಂಗಳು ಮೊದಲೇ ಅವರಲ್ಲಿಗೆ ಕರೆದೊಯ್ದಿರಬೇಕಷ್ಟೆ.

ದಿನದ ಲೆಕ್ಕ

ಸಿಸೇರಿಯನ್ನಿನ ಯಶಸ್ಸು ಶಸ್ತ್ರವೈದ್ಯರ ಕೈಚಳಕದಲ್ಲಿದೆ ಎಂದು ನಾವು ತಿಳಿದಿರುತ್ತೇವೆ. ಅದಕ್ಕಿಂತ ಹೆಚ್ಚಾಗಿ ಅದು ದಿನದ ಆಯ್ಕೆಯಲ್ಲಿದೆ. ಮರಿಯ ಶ್ವಾಸಕೋಶ ಗಾಳಿಯನ್ನು ಹಿಡಿದಿಡುವ ಶಕ್ತಿಯನ್ನು ಪಡೆಯುವುದು ಗರ್ಭದ ಕಟ್ಟಕಡೆಯ ದಿನಗಳಲ್ಲಿ. ಎರಡು-ಮೂರು ದಿನ ಮೊದಲೇ ಹೊರತೆಗೆದ ಮರಿ ನೋಡಲು ಪೂರ್ಣವಾಗಿಯೇ ಇರುತ್ತದೆ. ಆದರೆ ಉಸಿರಾಡಲಾರದೆ ಸಾಯುತ್ತದೆ. ತಡಮಾಡಿದರೋ ಮಾಸು ಸಡಿಲಗೊಂಡು ಪ್ರಾಣವಾಯು ದೊರೆಯದೆ ಒಳಗೇ ಸಾಯುತ್ತದೆ. ನಡುವೆ ನಮಗಿರುವ ಅವಕಾಶ ಬಹಳ ಕಿರಿದು.

ನಾಯಿಯ ಗರ್ಭಕಾಲ ಎರಡು ತಿಂಗಳು ಎಂಬುದು ಎಲ್ಲರಿಗೂ ಗೊತ್ತು. ಗೊಂದಲವಿರುವುದು ಎಲ್ಲಿಂದ ಎಣಿಸಬೇಕೆಂಬುದರಲ್ಲಿ. ಸಂಯೋಗದ ದಿನದಿಂದ ಎಣಿಸಿದರೆ ಹೆರಿಗೆ 57ನೆಯ ದಿನಕ್ಕೂ ಆಗಬಹುದು, 72ನೆಯ ದಿನಕ್ಕೂ ಆಗಬಹುದು. ಇದೇನು ವಿಚಿತ್ರವೆಂದರೆ, ಗಂಡುನಾಯಿಯ ವೀರ್ಯಾಣುಗಳು ಹೆಣ್ಣಿನ ಗರ್ಭಕೋಶದಲ್ಲಿ ಐದಾರು ದಿನ ಜೀವಂತವಾಗಿರಬಲ್ಲವು. ಹೆಣ್ಣಿನ ಅಂಡಾಣುಗಳೋ ಬಿಡುಗಡೆಯಾದ ಮೇಲೂ ಎರಡು ದಿನ ಮಾಗಬೇಕು. ಆದುದರಿಂದ ಸಂಯೋಗದ ದಿನಕ್ಕೂ ಗರ್ಭ ನಿಂತ ದಿನಕ್ಕೂ ಒಂದು ವಾರದ ಅಂತರವಿರಬಹುದು. ಅಂಡಾಣು ಬಿಡುಗಡೆಯಾದ ದಿನದಿಂದ ಎಣಿಸಿದಾಗ ಮಾತ್ರ ಲೆಕ್ಕ ಖಚಿತ: 63 ದಿನ, ಒಂದೆರಡು ದಿನ ಅತ್ತಿತ್ತ.

ಆ ದಿನವನ್ನು ಕಂಡುಹಿಡಿಯುವ ಉಪಾಯ ರಕ್ತದಲ್ಲಿನ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಪರೀಕ್ಷೆ. ನಾಯಿ ಬೆದೆಗೆ ಬಂದಾಗ ಎರಡು-ಮೂರು ದಿನಗಳಿಗೊಮ್ಮೆ ಈ ಪರೀಕ್ಷೆ ಮಾಡಿಸಿದರೆ, ಅದರ ಪ್ರಮಾಣ ಮಿಲಿಲೀಟರಿಗೆ ಸುಮಾರು 2 ನ್ಯಾನೊಗ್ರಾಮಿನಿಂದ ಏರಿ 5ರ ಆಸುಪಾಸಿಗೆ ಬಂದ ದಿನವೇ ಅಂಡಾಣು ಬಿಡುಗಡೆಯ ದಿನವೆಂದು ತಿಳಿಯಬಹುದು. ಮರಿ ಬೇಕೆಂದು ಉದ್ದೇಶಪೂರ್ವಕವಾಗಿ ಗಂಡುನಾಯಿಯನ್ನು ಹುಡುಕುವವರು, ಅದರಲ್ಲಿಯೂ ಚಪ್ಪಟೆ ಮೂಗಿನ ಜಾತಿಯನ್ನು ಸಾಕಿದವರು, ಈ ಖರ್ಚಿಗೆ ಹಿಂಜರಿಯಬಾರದು. ಅನಿರೀಕ್ಷಿತವಾಗಿ ಗರ್ಭ ಧರಿಸಿದ ನಾಯಿಗೆ ಇದು ಸಾಧ್ಯವಿಲ್ಲವಷ್ಟೆ. ಅಂಥವಕ್ಕೆ 25ರಿಂದ 30ನೆಯ ದಿನದೊಳಗೆ ಸೋನೋಗ್ರಫಿ ಮಾಡಿಸಿದರೆ ಗರ್ಭದ ಚೀಲಗಳನ್ನು ಅಳೆದು ವೈದ್ಯರು ತಕ್ಕಮಟ್ಟಿಗೆ ದಿನವನ್ನು ಅಂದಾಜು ಮಾಡಬಲ್ಲರು. ತಡವಾದಷ್ಟೂ ಆ ಅಂದಾಜು ಸಡಿಲವಾಗುತ್ತದೆ.

ಕೊನೆಯ ವಾರದಲ್ಲಿ ಮತ್ತೆ ಮೂರು ಸಾಕ್ಷಿಗಳನ್ನು ಕೇಳಬೇಕು. ಮೊದಲನೆಯದು ಅದೇ ಪ್ರೊಜೆಸ್ಟರಾನ್: ಅದು 2ಕ್ಕಿಂತ ಕೆಳಗಿಳಿದರೆ ಹೆರಿಗೆ ಒಂದು ದಿನದೊಳಗೆ ಬಂದಿತೆಂದೇ ಅರ್ಥ, ಮರಿಗಳು ಪಕ್ವವಾಗಿವೆ. ಎರಡನೆಯದು ಸೋನೋಗ್ರಫಿಯಲ್ಲಿ ಕಾಣುವ ಮರಿಗಳ ಹೃದಯದ ಬಡಿತ. ಅದು ನಿಮಿಷಕ್ಕೆ 200ಕ್ಕೂ ಹೆಚ್ಚಾಗಿರಬೇಕು. 180ಕ್ಕಿಂತ ಕೆಳಗೆ ಉಳಿದರೆ ಮರಿ ಕಷ್ಟದಲ್ಲಿದೆ. ಮೂರನೆಯದನ್ನು ಮನೆಯಲ್ಲಿಯೇ ನೋಡಬಹುದು. 56ನೆಯ ದಿನದಿಂದ ದಿನಕ್ಕೆ ಮೂರು ಸಲ, ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಹಚ್ಚಿ ಗುದದಲ್ಲಿಟ್ಟು ಶಾಖವನ್ನು ನೋಡಿ ಬರೆದಿಡಬೇಕು. ನಾಯಿಯ ಸಹಜ ಶಾಖ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್. ಅದು 99ಕ್ಕಿಂತ ಕೆಳಗೆ ಇಳಿದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ನೋವು ಆರಂಭವಾಗುತ್ತದೆ. ಇಳಿದ ಶಾಖ ಕೆಲವೇ ಗಂಟೆಗಳಲ್ಲಿ ಮತ್ತೆ ಏರುವುದರಿಂದ ದಿನಕ್ಕೊಮ್ಮೆ ನೋಡಿದರೆ ಸಾಲದು. ಒಂಟಿ ಮರಿಯ ಗರ್ಭದಲ್ಲಿ ಈ ಇಳಿತ ಸ್ಪಷ್ಟವಾಗಿ ಕಾಣದಿರಬಹುದೆಂಬುದನ್ನೂ ನೆನಪಿಡಬೇಕು.

ದಿನದ ಲೆಕ್ಕ ಖಚಿತವಾಗಿದ್ದರೆ 63ನೆಯ ದಿನದ ಆಸುಪಾಸಿನಲ್ಲಿ, ರಕ್ತಪರೀಕ್ಷೆಯ ಬೆಂಬಲದೊಡನೆ, ಹಗಲು ಹೊತ್ತಿನಲ್ಲಿ ಶಸ್ತ್ರಚಿಕಿತ್ಸೆಯನ್ನು ಗೊತ್ತುಮಾಡಬಹುದು. ಲೆಕ್ಕ ಖಚಿತವಿಲ್ಲದಿದ್ದರೆ, ಭಾನುವಾರ ಎಲ್ಲರಿಗೂ ಬಿಡುವಿದೆಯೆಂದೋ ಮನೆಗೆ ಊರಿನಿಂದ ನೆಂಟರು ಬರುವವರಿದ್ದಾರೆಂದೋ ದಿನ ಆರಿಸುವುದು ಅತ್ಯಂತ ಅಪಾಯಕರ. ಆಗ ಪ್ರೊಜೆಸ್ಟರಾನ್ ಇಳಿಯುವವರೆಗೆ ಅಥವಾ ನೋವಿನ ಮೊದಲ ಲಕ್ಷಣ ತೋರುವವರೆಗೆ ಕಾಯುವುದೇ ಸರಿಯಾದ ಮಾರ್ಗ.

ಮನೆಯಲ್ಲಿ ಆಗಬೇಕಾದುದು

55ನೆಯ ದಿನದ ನಂತರ ಒಂದು ಕ್ಷ-ಕಿರಣದ ಚಿತ್ರ ತೆಗೆಸಬೇಕು. ಆ ವೇಳೆಗೆ ಮರಿಗಳ ಎಲುಬುಗಳು ಗಟ್ಟಿಯಾಗಿದ್ದು ಎಷ್ಟು ಮರಿಗಳೆಂದು ಎಣಿಸಲು ಬರುತ್ತದೆ. ಎಷ್ಟು ಮರಿಗಳೆಂದು ತಿಳಿದಿದ್ದರೆ ಸಹಜ ಹೆರಿಗೆಯಲ್ಲಿಯೂ ಇನ್ನೊಂದು ಒಳಗೇ ಉಳಿದಿದೆಯೇ ಎಂಬ ಅನುಮಾನಕ್ಕೆ ಎಡೆಯಿರುವುದಿಲ್ಲ.

ಬಸುರಿಗೆ ಕ್ಯಾಲ್ಸಿಯಂ ಗುಳಿಗೆ ಕೊಡುವುದು ನಮ್ಮ ಮನೆಗಳ ವಾಡಿಕೆ. ಅದೇ ಪ್ರೀತಿಯಿಂದ ನಾಯಿಗೂ ಕ್ಯಾಲ್ಸಿಯಂ ಔಷಧ ಕುಡಿಸುವವರು ಬಹಳ. ಇದು ತಪ್ಪು, ಪುಟ್ಟ ನಾಯಿಗಳಲ್ಲಿ ಪ್ರಾಣಾಪಾಯದ ತಪ್ಪು. ಹೊರಗಿನಿಂದ ಕ್ಯಾಲ್ಸಿಯಂ ಧಾರಾಳವಾಗಿ ದೊರೆತಾಗ, ಎಲುಬಿನಿಂದ ಅದನ್ನು ಬಿಡಿಸಿ ರಕ್ತಕ್ಕೆ ಒದಗಿಸುವ ಕತ್ತಿನ ಗ್ರಂಥಿ ಸೋಮಾರಿಯಾಗುತ್ತದೆ. ಹೆರಿಗೆಯ ನಂತರ ಮರಿಗಳು ಹಾಲು ಹೀರತೊಡಗಿದಾಗ ಹಠಾತ್ತನೆ ಬೇಡಿಕೆ ಏರುತ್ತದೆ. ಆ ಗ್ರಂಥಿ ಎಚ್ಚೆತ್ತುಕೊಳ್ಳುವುದರೊಳಗೆ ತಾಯಿ ನಡುಗಿ, ಕೈಕಾಲು ಸೆಟೆದು ಬಿದ್ದಿರುತ್ತದೆ. ಗರ್ಭಕಾಲದಲ್ಲಿ ಬೇಕಾದುದು ಒಳ್ಳೆಯ ಆಹಾರ. ಸಾರು-ಅನ್ನ, ಮೊಸರನ್ನಗಳಲ್ಲಿ ನಾಯಿಗೆ ಬೇಕಾದಷ್ಟು ಸಸಾರಜನಕವಿಲ್ಲ. ಕೊನೆಯ ಮೂರು ವಾರ ಬೇಯಿಸಿದ ಮೊಟ್ಟೆ, ಕೋಳಿಮಾಂಸ ಅಥವಾ ಬೆಳೆಯುವ ಮರಿಗಳಿಗೆಂದೇ ತಯಾರಾದ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕು ಸಲ ಕೊಡಬೇಕು. ಶಾಕಾಹಾರಿ ಮನೆಗಳವರು ವೈದ್ಯರ ಸಲಹೆಯಂತೆ ಸಿದ್ಧ ಆಹಾರವನ್ನೇ ಅವಲಂಬಿಸುವುದು ಲೇಸು.

ಆಸ್ಪತ್ರೆಯ ವಿಷಯ. ಮುಂಬಯಿ ಈ ದೃಷ್ಟಿಯಿಂದ ಭಾಗ್ಯಶಾಲಿ ನಗರ. ಪರೇಲಿನಲ್ಲಿ 1886ರಷ್ಟು ಹಿಂದೆಯೇ ಪಶುವೈದ್ಯ ಕಾಲೇಜು ಆರಂಭವಾಯಿತು. ಅದರ ಸನಿಹದಲ್ಲಿಯೇ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯಿದೆ. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್‌ನವರ ಸಣ್ಣ ಪ್ರಾಣಿಗಳ ಆಸ್ಪತ್ರೆಯೂ ತೆರೆಯಿತು. ಉಪನಗರಗಳಲ್ಲಿ ಖಾಸಗಿ ವೈದ್ಯರು ಅನೇಕರು. ಎಲ್ಲಿಗೆ ಹೋದರೂ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಅರಿವಳಿಕೆಗೆ ಏನನ್ನು ಬಳಸುವಿರಿ? ಪ್ರೊಪೊಫಾಲ್ ಚುಚ್ಚುಮದ್ದಿನಿಂದ ನಿದ್ದೆ ಬರಿಸಿ, ಶ್ವಾಸನಾಳಕ್ಕೆ ನಳಿಕೆ ಹಾಕಿ, ಐಸೊಫ್ಲುರೇನ್ ಅನಿಲದ ಮೇಲೆ ಇರಿಸುವ ಕ್ರಮ ಮರಿಗಳಿಗೆ ಹಿತಕರ. ಇತರ ಶಸ್ತ್ರಚಿಕಿತ್ಸೆಗಳಲ್ಲಿ ರೂಢಿಯಲ್ಲಿರುವ ಕ್ಸೈಲಜಿನ್, ಕೆಟಮಿನ್ ಮಿಶ್ರಣ ಮಾಸನ್ನು ದಾಟಿ ಮರಿಗಳನ್ನೂ ಮಂಕುಗೊಳಿಸುತ್ತದೆ. ಅವು ಹುಟ್ಟಿದರೂ ಉಸಿರೆಳೆಯುವುದಿಲ್ಲ. ಎರಡನೆಯ ಪ್ರಶ್ನೆ, ಮರಿಗಳನ್ನು ಹಿಡಿದುಕೊಳ್ಳುವವರು ಎಷ್ಟು ಜನ? ಶಸ್ತ್ರವೈದ್ಯರು ತಾಯಿಯನ್ನು ಬಿಟ್ಟು ಬರುವಂತಿಲ್ಲ. ನಾಲ್ಕು ಮರಿಗಳು ಎರಡು-ಮೂರು ನಿಮಿಷಗಳ ಅಂತರದಲ್ಲಿ ಹೊರಬಂದರೆ ಅವುಗಳನ್ನು ಒರೆಸಿ ಉಸಿರಾಡಿಸುವ ಕೈಗಳು ಬೇಕು. ಒಬ್ಬರೇ ಸಹಾಯಕರಿದ್ದರೆ ಮನೆಯವರೊಬ್ಬರು ಒಳಗೆ ನಿಲ್ಲಲು ಅನುಮತಿ ಕೇಳಿಕೊಳ್ಳಬಹುದು. ಮೂರನೆಯದು, ಮಧ್ಯರಾತ್ರಿಯಲ್ಲಿ ನೋವು ಬಂದರೆ ಯಾರು ಸಿಕ್ಕುತ್ತಾರೆ?

ಈ ಮೂರನೆಯ ಪ್ರಶ್ನೆಯೇ ನಮ್ಮ ನಗರದಲ್ಲಿ ಕಠಿಣವಾದದ್ದು. ದಿನ ಎಣಿಸುವಾಗ ಪಂಚಾಂಗವನ್ನೂ ಒಮ್ಮೆ ನೋಡಬೇಕು. ಹೆರಿಗೆ ಅನಂತ ಚತುರ್ದಶಿಯಂದು ಬಿದ್ದರೆ ಲಾಲ್‌ಬಾಗ್, ಪರೇಲುಗಳ ರಸ್ತೆಯಲ್ಲಿ ಗಣಪತಿಯ ಮೆರವಣಿಗೆ ಬಿಟ್ಟು ಮತ್ತೇನೂ ಚಲಿಸದು. ಜುಲೈ ತಿಂಗಳ ಭಾರಿ ಮಳೆಯಲ್ಲಿ ಬಿದ್ದರೆ, ಪರೇಲಿಗೆ ಹೋಗುವ ದಾರಿಯ ಹಿಂದ್‌ಮಾತಾ ನೀರು ನಿಲ್ಲುವುದಕ್ಕೇ ಹೆಸರಾದ ಸ್ಥಳ. 2005ರ ಜುಲೈ 26ನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೀಪಾವಳಿಯ ಪಟಾಕಿ ಸದ್ದಿಗೆ ಹೆದರಿದ ನಾಯಿಯ ನೋವು ನಡುವೆಯೇ ನಿಂತುಹೋಗುವುದುಂಟು. ಆದುದರಿಂದ ದೊಡ್ಡ ಆಸ್ಪತ್ರೆಯೊಂದನ್ನು ಗೊತ್ತುಮಾಡಿಕೊಂಡರೂ, ನಡೆದೇ ಹೋಗಬಹುದಾದ ದೂರದಲ್ಲಿ ಇನ್ನೊಬ್ಬ ವೈದ್ಯರನ್ನು ಮೊದಲೇ ಕಂಡು, ನಾಯಿಯ ಕಾಗದಪತ್ರಗಳ ಒಂದು ಪ್ರತಿಯನ್ನು ಅವರಲ್ಲಿ ಇಟ್ಟಿರುವುದು ವಿವೇಕ.

ಕಾಯಬಾರದ ಲಕ್ಷಣಗಳು

ಯೋಜಿಸಿದ ದಿನಕ್ಕೆ ಮೊದಲೇ ನೋವು ಬರಬಹುದು. ನಾಯಿ ಅನ್ನ ಬಿಟ್ಟು, ತೇಕುತ್ತಾ, ಹಳೆಯ ಬಟ್ಟೆ ಕಾಗದಗಳನ್ನು ಪರಚಿ ಗೂಡು ಮಾಡತೊಡಗಿದರೆ ಅದು ಮೊದಲ ಹಂತ. ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಒಂದು ದಿನ ನಡೆಯುತ್ತದೆ. ಸಿಸೇರಿಯನ್ ನಿಶ್ಚಯವಾದ ನಾಯಿಯನ್ನು ಈ ಹಂತದಲ್ಲಿಯೇ ಆಸ್ಪತ್ರೆಗೆ ಒಯ್ಯಬೇಕು. ಸಹಜ ಹೆರಿಗೆಗೆ ಬಿಟ್ಟ ನಾಯಿಯಾದರೆ ಇವಿಷ್ಟು ಕಂಡಾಗ ಒಂದು ಗಳಿಗೆಯೂ ಕಾಯಕೂಡದು: ಒಂದು ಮರಿಯೂ ಹುಟ್ಟುವ ಮೊದಲೇ ಹಸಿರು ಬಣ್ಣದ ಸ್ರಾವ, ಅಂದರೆ ಮಾಸು ಕಳಚಿದೆಯೆಂದು ಅರ್ಥ, ಅರ್ಧ ಗಂಟೆ ಬಲವಾಗಿ ಮುಕ್ಕಿದರೂ ಮರಿ ಬಾರದಿರುವುದು, ಒಂದು ಮರಿಗೂ ಮತ್ತೊಂದಕ್ಕೂ ಎರಡು ಗಂಟೆಗೂ ಹೆಚ್ಚು ಅಂತರ, ಶಾಖ ಇಳಿದು 24 ಗಂಟೆ ಕಳೆದರೂ ಏನೂ ಆಗದಿರುವುದು.

ಇಂಥ ಹೊತ್ತಿನಲ್ಲಿ ನೆರೆಮನೆಯವರು ಯಾರೋ ಪರಿಚಿತ ಕಾಂಪೌಂಡರನನ್ನು ಕರೆಸಿ ನೋವಿನ ಇಂಜೆಕ್ಷನ್ ಹಾಕಿಸುವ ಸಲಹೆ ನೀಡುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಆ ಆಕ್ಸಿಟೋಸಿನ್, ದಾರಿ ಮುಚ್ಚಿರುವಾಗ ಗರ್ಭಕೋಶವನ್ನು ಹಿಂಡುತ್ತದೆ. ಮಾಸು ಕಳಚುತ್ತದೆ, ಗರ್ಭಕೋಶ ಹರಿಯುವುದೂ ಉಂಟು. ಮರಿಯ ಸ್ಥಿತಿಯನ್ನು ಪರೀಕ್ಷಿಸದೆ ಇದನ್ನು ಯಾರೂ ಚುಚ್ಚಕೂಡದು.

ಆ ದಿನ

ಬೆಳಿಗ್ಗೆ ಆಹಾರ ಕೊಡುವ ಬಗ್ಗೆ ವೈದ್ಯರು ಹೇಳಿದಂತೆ ನಡೆಯಬೇಕು. ಬಸುರಿಯ ಜಠರ ಗರ್ಭದ ಒತ್ತಡಕ್ಕೆ ಸಿಕ್ಕಿರುವುದರಿಂದ ಅರಿವಳಿಕೆಯಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಕೊನೆಯ ಸಲ ತಿಂದದ್ದು ಯಾವಾಗ ಎಂದು ಮರೆಮಾಚದೆ ಹೇಳಬೇಕು. ಜೊತೆಗೆ ಒಯ್ಯಬೇಕಾದುದು ಒಗೆದ ಟವೆಲುಗಳು ಎಂಟು-ಹತ್ತು, ಒಂದು ರಟ್ಟಿನ ಪೆಟ್ಟಿಗೆ, ಬಿಸಿನೀರಿನ ಚೀಲ, ಮೂಗುಬಾಯಿಯ ದ್ರವವನ್ನು ಹೀರುವ ರಬ್ಬರಿನ ಸಣ್ಣ ಬುರುಡೆ, ಅಡಿಗೆಮನೆಯ ಗ್ರಾಮ್ ತಕ್ಕಡಿ ಮತ್ತು ಬರೆದಿಟ್ಟ ಶಾಖದ ಪಟ್ಟಿ.

ನುರಿತ ವೈದ್ಯರು ನಾಯಿ ಎಚ್ಚರವಾಗಿರುವಾಗಲೇ ಹೊಟ್ಟೆಯ ಕೂದಲು ಬೋಳಿಸಿ, ಕೆಲವು ನಿಮಿಷ ಮುಖದ ಬಳಿ ಪ್ರಾಣವಾಯು ಹಿಡಿದು, ಅನಂತರವೇ ನಿದ್ದೆ ಬರಿಸುತ್ತಾರೆ. ನಿದ್ದೆ ಬಂದುದಕ್ಕೂ ಕೊನೆಯ ಮರಿ ಹೊರಬಂದುದಕ್ಕೂ ನಡುವಿನ ಕಾಲ ಕಡಿಮೆಯಿದ್ದಷ್ಟೂ ಮರಿಗಳಿಗೆ ಒಳ್ಳೆಯದು. ಹೊರಬಂದ ಮರಿಯ ಬಾಯಿ ಮೂಗುಗಳನ್ನು ಒರೆಸಿ, ಟವೆಲಿನಿಂದ ಬೆನ್ನು ತಿಕ್ಕಿ ಅಳಿಸಬೇಕು. ಹಿಂದೆ ಮರಿಯನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಕೆಳಗಾಗಿ ಬೀಸುತ್ತಿದ್ದರು. ಅದು ಮಿದುಳಿಗೆ ಪೆಟ್ಟು ಮಾಡುವುದೆಂದು ಈಗ ಕೈಬಿಡಲಾಗಿದೆ. ಕೂಡಲೇ ಉಸಿರಾಡದ ಮರಿಯನ್ನು ಸತ್ತಿತೆಂದು ಬದಿಗಿಡಬಾರದು. ಹೃದಯ ಬಡಿಯುತ್ತಿರುವವರೆಗೆ ತಿಕ್ಕುವುದನ್ನು ಬಿಡಬಾರದು. ಹತ್ತು-ಹದಿನೈದು ನಿಮಿಷಗಳ ನಂತರ ಅತ್ತ ಮರಿಗಳೂ ಉಂಟು.

ಇದೇ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶವನ್ನೂ ತೆಗೆಸಿಬಿಡೋಣವೇ ಎಂದು ಹಲವರು ಕೇಳುತ್ತಾರೆ. ಹಾಲಿಗೆ ಅದರಿಂದ ಕೊರತೆಯಾಗುವುದಿಲ್ಲ. ಆದರೆ ತಾಯಿ ಬಳಲಿದ್ದರೆ, ರಕ್ತ ಹೆಚ್ಚು ಹೋಗಿದ್ದರೆ ಬೇಡ. ಮೊದಲೇ ಒಪ್ಪಿಗೆ ಕೊಟ್ಟು ತೀರ್ಮಾನವನ್ನು ವೈದ್ಯರಿಗೆ ಬಿಡುವುದು ಉತ್ತಮ. ಎರಡು ಬಾರಿ ಸಿಸೇರಿಯನ್ ಆದ ನಾಯಿಯ ಮುಂದಿನ ಮರಿಗಳನ್ನು ಬ್ರಿಟನ್ನಿನ ಕೆನೆಲ್ ಕ್ಲಬ್ 2012ರಿಂದ ನೋಂದಾಯಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮನೆಯ ನಾಯಿಗೆ ಒಂದು ಬಾರಿಯೇ ಸಾಕು.

ಬಾಣಂತನ

ಅರಿವಳಿಕೆಯಿಂದ ಎದ್ದ ತಾಯಿಗೆ ತಾನು ಹೆತ್ತದ್ದೇ ತಿಳಿದಿರುವುದಿಲ್ಲ. ಪಕ್ಕದಲ್ಲಿ ಕುಂಯ್‌ಗುಟ್ಟುವ ಈ ಜೀವಿಗಳು ಯಾವುವೆಂದು ಬೆದರಿ ಕಚ್ಚಲೂಬಹುದು. ಮಂಪರಿನಲ್ಲಿ ಮರಿಗಳ ಮೇಲೆಯೇ ಮಲಗಲೂಬಹುದು. ಮೊದಲ ಒಂದೆರಡು ದಿನ ಮೊಲೆಯೂಡಿಸುವಾಗಲೆಲ್ಲ ಒಬ್ಬರು ಪಕ್ಕದಲ್ಲಿ ಕುಳಿತಿರಬೇಕು. ಉಳಿದ ಹೊತ್ತಿನಲ್ಲಿ ಮರಿಗಳು ಬೇರೆ ಪೆಟ್ಟಿಗೆಯಲ್ಲಿರಲಿ. ಮೊಲೆಗಳಿಗೆ ಹತ್ತಿದ ಔಷಧವನ್ನು ಬೆಚ್ಚನೆಯ ನೀರಿನಿಂದ ತೊಳೆದು, ಮೊದಲ ಕೆಲವು ಗಂಟೆಗಳಲ್ಲಿಯೇ ಗಿಣ್ಣುಹಾಲು ಪ್ರತಿಯೊಂದು ಮರಿಗೂ ಸಿಗುವಂತೆ ನೋಡಿಕೊಳ್ಳಬೇಕು. ಒಂದು ದಿನ ಕಳೆದ ಮೇಲೆ ಅದರ ರೋಗನಿರೋಧಕ ಗುಣವನ್ನು ಮರಿಯ ಕರುಳು ಹೀರಲಾರದು.

ಮೊದಲ ವಾರದ ಮರಿಗೆ ಚಳಿಯಿಂದ ನಡುಗುವ ಶಕ್ತಿಯೂ ಇಲ್ಲ. ಪೆಟ್ಟಿಗೆಯ ಒಳಗೆ 86ರಿಂದ 90 ಡಿಗ್ರಿ ಶಾಖವಿರಬೇಕು. ಮುಂಬಯಿಯ ಸೆಕೆಯಲ್ಲಿ ಇದು ಸುಲಭವೆಂದು ತೋರಿದರೂ ಫ್ಯಾನು, ಹವಾನಿಯಂತ್ರಣಗಳು ಮೋಸಮಾಡುತ್ತವೆ. ಮೈ ತಣ್ಣಗಾದ ಮರಿಗೆ ಹಾಲು ಕುಡಿಸಕೂಡದು, ಜೀರ್ಣವಾಗದು. ಮೊದಲು ನಿಧಾನವಾಗಿ ಬೆಚ್ಚಗೆ ಮಾಡಬೇಕು. ದಿನವೂ ಒಂದೇ ಹೊತ್ತಿಗೆ ತೂಗಬೇಕು. ನೂರು-ನೂರೈವತ್ತು ಗ್ರಾಮಿನ ಜೀವದ ಕ್ಷೇಮಸಮಾಚಾರವನ್ನು ತಕ್ಕಡಿಗಿಂತ ಚೆನ್ನಾಗಿ ಹೇಳುವವರಿಲ್ಲ. ಎರಡನೆಯ ದಿನದಿಂದ ತೂಕ ಏರದಿದ್ದರೆ ವೈದ್ಯರನ್ನು ಕೇಳಬೇಕು. ತಾಯಿಯ ಹಾಲು ಸಾಲದಿದ್ದರೆ ಆಕಳ ಹಾಲು ಅದಕ್ಕೆ ಬದಲಲ್ಲ. ನಾಯಿಯ ಹಾಲಿನಲ್ಲಿ ಕೊಬ್ಬು, ಸಸಾರಜನಕಗಳು ಬಹಳ ಹೆಚ್ಚು. ನಾಯಿಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯನ್ನು ಮೊದಲೇ ತಂದಿಟ್ಟಿರಬೇಕು.

ಬಾಣಂತಿಗೆ ನೀರು ಕೊಡಬಾರದೆಂಬ ನಮ್ಮ ಅಜ್ಜಿಯರ ಪಥ್ಯವನ್ನು ನಾಯಿಗೆ ಅನ್ವಯಿಸುವ ಮನೆಗಳು ಇಂದಿಗೂ ಇವೆ. ಹಾಲೂಡಿಸುವ ತಾಯಿಗೆ ನೀರು ಸದಾ ಎಟುಕುವಂತಿರಬೇಕು. ಮೂರು-ನಾಲ್ಕನೆಯ ವಾರದ ಹೊತ್ತಿಗೆ ಅದರ ಆಹಾರ ಎಂದಿನ ಎರಡು-ಮೂರು ಪಟ್ಟಾಗುತ್ತದೆ. ನೋವಿಗೆಂದು ಮನೆಯ ಔಷಧಿ ಡಬ್ಬಿಯಿಂದ ಪ್ಯಾರಸಿಟಮಾಲ್, ಐಬುಪ್ರೊಫೆನ್ ಗುಳಿಗೆಗಳನ್ನು ಕೊಡುವುದು ವಿಷಕ್ಕೆ ಸಮ. ತಾಯಿ ಕಾರಣವಿಲ್ಲದೆ ತೇಕುತ್ತಾ, ಮರಿಗಳನ್ನು ಬಿಟ್ಟು ಅತ್ತಿತ್ತ ಓಡಾಡುತ್ತಾ, ಕಾಲುಗಳನ್ನು ಬಿಗಿಹಿಡಿದು ನಡೆಯತೊಡಗಿದರೆ ಅದು ಹಿಂದೆ ಹೇಳಿದ ಕ್ಯಾಲ್ಸಿಯಂ ಕೊರತೆ. ಹೆರಿಗೆಯಾದ ಒಂದರಿಂದ ನಾಲ್ಕು ವಾರಗಳೊಳಗೆ ಬರುವುದು ಹೆಚ್ಚು. ಕೂಡಲೇ ಮರಿಗಳನ್ನು ಮೊಲೆ ಬಿಡಿಸಿ ಆಸ್ಪತ್ರೆಗೆ ಧಾವಿಸಬೇಕು. ರಕ್ತನಾಳದ ಮೂಲಕ ಕ್ಯಾಲ್ಸಿಯಂ ಕೊಟ್ಟರೆ ನೋಡುನೋಡುತ್ತಿರುವಂತೆಯೇ ಚೇತರಿಸಿಕೊಳ್ಳುತ್ತದೆ. ಬೆಳಗಾಗಲೆಂದು ಕಾದರೆ ಉಳಿಯದು.

ಗಾಯ ಕೆಂಪಾಗುವುದು, ಕೀವು, ದುರ್ವಾಸನೆಯ ಸ್ರಾವ, 103 ಡಿಗ್ರಿ ದಾಟಿದ ಜ್ವರ ಇವುಗಳಿಲ್ಲದಿದ್ದರೆ ಹತ್ತರಿಂದ ಹದಿನಾಲ್ಕನೆಯ ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಮರಿಗಳು ಕಣ್ಣು ತೆರೆಯುವುದೂ ಸರಿಸುಮಾರು ಅದೇ ದಿನಗಳಲ್ಲಿ. ಆ ದಿನ ತಾಯಿಯನ್ನು ಮಾತ್ರ ಆಸ್ಪತ್ರೆಗೆ ಕರೆದೊಯ್ದರೆ ಸಾಕು. ಪಾರ್ವೊದಂಥ ಸೋಂಕುಗಳು ಆಸ್ಪತ್ರೆಯ ಬೆಂಚಿನ ಕೆಳಗೇ ಕಾದಿರುತ್ತವೆಯಾದ್ದರಿಂದ ಮರಿಗಳು ಮನೆಯ ಪೆಟ್ಟಿಗೆಯಲ್ಲಿಯೇ ಬೆಚ್ಚಗೆ ಮಲಗಿರಲಿ. ತಾಯಿ ಮರಳಿ ಬಂದಾಗ ಅದರ ಪಾದಗಳನ್ನೂ ಹೊಟ್ಟೆಯನ್ನೂ ಒರೆಸಿ ಒಳಗೆ ಬಿಡಬೇಕು.